ಹೊಂಬಾಳಮ್ಮನ ಹೆಬ್ಬೆಟ್ಟು

ಮೊನ್ನೆ ಬ್ಯಾಂಕಿನಲ್ಲಿ ನನ್ನ ಜಂಬ ಇಳಿಯಿತು. ವರ್ಷಕ್ಕೊಂದು ಸಲ ನಾನು ಇನ್ನೂ ಸತ್ತಿಲ್ಲ ಎಂದು ಸರ್ಕಾರಕ್ಕೆ ಒಪ್ಪಿಸಬೇಕು; ಪಿಂಚಣಿ ಉಣ್ಣುವವರಿಗೆಲ್ಲ ಇರುವ ಕರ್ಮ ಇದು. ನಾನೂ ಬೆಳಿಗ್ಗೆ ಮಿಂದು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚಾಮರಾಜನಗರದ ಬಿಸಿಲಿಗೆ ಕೊಡೆ ಹಿಡಿದು ಹೋಗಿ ಸಾಲಿನಲ್ಲಿ ನಿಂತೆ. ಸರದಿ ಬಂತು. ರುಜು ಹಾಕಿದೆ. ಕೌಂಟರಿನ ಆಚೆ ಕೂತಿದ್ದ ಹುಡುಗಿ ಅದನ್ನು ನೋಡಿದಳು, ಕಂಪ್ಯೂಟರಿನಲ್ಲಿದ್ದ ಹಳೆಯ ರುಜುವನ್ನು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು. "ತಾತಾ, ಇನ್ನೊಂದ್ಸಲ ಹಾಕಿ" ಅಂದಳು. ಹಾಕಿದೆ. ಮೂರನೆಯ ಸಲವೂ ಹಾಕಿದೆ. ಮೂರೂ ರುಜುಗಳನ್ನು ಮೂವರು ಬೇರೆ ಬೇರೆಯವರು ಹಾಕಿದಂತಿತ್ತು.

"ಮ್ಯಾಚ್ ಆಗ್ತಿಲ್ಲ ತಾತಾ. ಹೆಬ್ಬೆಟ್ಟು ಒತ್ಬುಡಿ, ಸುಲಭ" ಎಂದು ಇಂಕಿನ ಪ್ಯಾಡಿನ ಮುಚ್ಚಳ ತೆಗೆದು ನನ್ನ ಮುಂದೆ ತಳ್ಳಿದಳು.

ಹೆಬ್ಬೆಟ್ಟು! ನಾನು! ನಿಮಗೆ ಇದರ ತಮಾಷೆ ಗೊತ್ತಾಗಬೇಕಾದರೆ ನಾನು ಯಾರೆಂದು ಹೇಳಬೇಕು. ನಾನು ಪೊಲೀಸ್ ಠಾಣೆಯ ರೈಟರ್ ಆಗಿದ್ದವನು. ಠಾಣೆಗೆ ಬಂದವರು ಹೇಳಿದ್ದನ್ನು ಬರೆದುಕೊಳ್ಳುವುದು, ಬರೆದದ್ದನ್ನು ಓದಿ ಹೇಳುವುದು, ಕೊನೆಗೆ ಅವರ ರುಜುವನ್ನೋ ಹೆಬ್ಬೆಟ್ಟನ್ನೋ ತೆಗೆದುಕೊಳ್ಳುವುದು ನನ್ನ ಕೆಲಸ. ಆ ಕಾಲದಲ್ಲಿ ರುಜು ಹಾಕುವವರು ವಾರಕ್ಕೊಬ್ಬರು ಸಿಕ್ಕರೆ ಹೆಚ್ಚು. ಮಿಕ್ಕವರ ಹೆಬ್ಬೆರಳನ್ನು ನಾನೇ ಹಿಡಿದು, ಪ್ಯಾಡಿಗೆ ಒತ್ತಿ, ಕಾಗದದ ಮೇಲೆ ಎಡದಿಂದ ಬಲಕ್ಕೆ ಉರುಳಿಸುತ್ತಿದ್ದೆ. ಎಷ್ಟು ಹೆಬ್ಬೆಟ್ಟುಗಳೋ, ಲೆಕ್ಕವಿಟ್ಟವರಾರು. ನನ್ನ ಅಕ್ಷರವೋ, ಮೈಸೂರಿನಿಂದ ತಪಾಸಣೆಗೆ ಬಂದ ಸಾಹೇಬರು ಕೇಸು ಏನೆಂದು ನೋಡದೆ ಬರಹವನ್ನೇ ನೋಡಿ ತಲೆದೂಗಿ ಹೋಗುತ್ತಿದ್ದರು. ಅಂಥವನಿಗೆ ಈ ಹುಡುಗಿ ಪ್ಯಾಡು ತೋರಿಸುತ್ತಾಳೆ!

ಸಿಟ್ಟು ಬಂತು, ನಿಜ. ಆದರೆ ಅಷ್ಟರಲ್ಲಿ ಆ ಇಂಕಿನ ವಾಸನೆ ಮೂಗಿಗೆ ಬಡಿಯಿತು. ಠಾಣೆಯಲ್ಲಿದ್ದ ನನ್ನ ಪ್ಯಾಡು ಒಣಗಿದಾಗ ಎರಡು ತೊಟ್ಟು ಹರಳೆಣ್ಣೆ ಬಿಡುತ್ತಿದ್ದೆ. ಆ ಕಮಟು ಇದಕ್ಕಿರಲಿಲ್ಲ. ಆದರೂ ಮಸಿ ಮಸಿಯೇ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಹೊಂಬಾಳಮ್ಮ ಬಂದು ನನ್ನ ಎದುರಿಗೆ ನಿಂತಳು.

ಠಾಣೆ ಯಾವುದು ಎಂದು ಕೇಳಬೇಡಿ. ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಎಲ್ಲೋ ಇತ್ತು ಎಂದುಕೊಳ್ಳಿ. ಅವಳ ಊರಿನ ಹೆಸರನ್ನೂ ಹೇಳುವುದಿಲ್ಲ. ಅಲ್ಲಿ ಈಗ ಇರುವವರು ಮೊಮ್ಮಕ್ಕಳು, ಅಜ್ಜಂದಿರ ತಪ್ಪಿಗೆ ಅವರನ್ನು ಎಳೆಯುವುದೇಕೆ. ನನಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಹರದನಹಳ್ಳಿಯ ಮನೆಯಲ್ಲಿ ಅವ್ವ ನನಗೆ ಹೆಣ್ಣು ನೋಡುತ್ತಿದ್ದಳು. ಸ್ವಾತಂತ್ರ್ಯ ಬಂದು ಎಂಟೊಂಬತ್ತು ವರ್ಷವಾಗಿತ್ತು. ಯಾರನ್ನಾದರೂ ಮುಟ್ಟಬಾರದವರೆಂದು ದೂರವಿಟ್ಟರೆ ಅಪರಾಧ ಎನ್ನುವ ಕಾಯಿದೆ ಹೊಸದಾಗಿ ಬಂದಿತ್ತು. ಅದರ ಒಂದು ಸಣ್ಣ ಪುಸ್ತಕವನ್ನು ನಮ್ಮ ಠಾಣೆಗೂ ಕಳಿಸಿದ್ದರು. ಪುಸ್ತಕ ಬಹಳ ಉಪಯೋಗಕ್ಕೆ ಬಂದಿತು. ಪಡುವಣ ಗಾಳಿಗೆ ಕಿಟಕಿಯ ಬಾಗಿಲು ದಢಾರನೆ ಬಡಿದುಕೊಳ್ಳುತ್ತಿತ್ತಲ್ಲ, ಅದರ ಸಂದಿಗೆ ಸರಿಯಾಗಿ ಹಿಡಿಯುವಷ್ಟು ದಪ್ಪ ಇತ್ತು.

ರೈಟರ್ ಕೆಲಸವನ್ನು ನನಗೆ ಕಲಿಸಿದವರು ನಮ್ಮ ದಫೇದಾರರು. ನಮ್ಮ ಠಾಣೆಯ ಸಾಹೇಬರು, ಅಂದರೆ ಸಬ್ ಇನ್ಸ್‌ಪೆಕ್ಟರು, ಊರಲ್ಲಿ ಇಲ್ಲದಾಗ ಅವರೇ ಠಾಣೆಗೆ ದೊಡ್ಡವರು. ಕೆಟ್ಟ ಮನುಷ್ಯರಲ್ಲ. ಮಧ್ಯಾಹ್ನ ಉಂಡ ಮೇಲೆ ಬೆಂಚಿನ ಮೇಲೆ ಒಂದು ನಿದ್ದೆ ತೆಗೆಯಬೇಕು, ಅದು ಕೆಡಬಾರದು, ಅಷ್ಟೇ ಅವರ ಆಸೆ. "ಯಾವುದನ್ನೇ ಆಗಲಿ ಸಣ್ಣದು ಮಾಡಿ ಬರಿ ಕಣಯ್ಯಾ. ದೊಡ್ಡದು ಮಾಡಿದ್ರೆ ನಾವೇ ಗುಂಡ್ಲುಪೇಟೆ ಕೋರ್ಟಿಗೆ ಓಡಾಡ್ಬೇಕು" ಎಂದು ಹೇಳಿಕೊಟ್ಟಿದ್ದರು. ಸಣ್ಣದು ಮಾಡುವುದಕ್ಕೆ ನನ್ನಲ್ಲಿ ಒಂದು ಮಂತ್ರವಿತ್ತು: 'ಮಾತಿಗೆ ಮಾತು ಬೆಳೆದು'. ಬೇಲಿ ಕಿತ್ತರೂ ಮಾತಿಗೆ ಮಾತು ಬೆಳೆದು, ಕೋಳಿ ಕದ್ದರೂ ಮಾತಿಗೆ ಮಾತು ಬೆಳೆದು, ಗಂಡ ಹೆಂಡತಿಯ ಹಲ್ಲು ಉದುರಿಸಿದರೂ ಅದೇ. ಆ ಮೂರು ಪದ ಬರೆದರೆ ಮುಗಿಯಿತು, ಯಾರದ್ದೂ ತಪ್ಪಿಲ್ಲ, ತಪ್ಪೆಲ್ಲ ಮಾತಿನದು. ನನ್ನ ಸುಂದರವಾದ ಅಕ್ಷರದಲ್ಲಿ ಅದು ಇನ್ನೂ ಚೆನ್ನಾಗಿ ಕಾಣುತ್ತಿತ್ತು.

ಇಂಥ ಠಾಣೆಗೆ ಹೊಂಬಾಳಮ್ಮ ಬಂದಳು. ಬಂದದ್ದು ಅದು ಮೂರನೆಯ ಸಲ. ಮೊದಲ ಸಲ ಬಂದಾಗ ಸಾಹೇಬರಿಲ್ಲ ಎಂದು ಕಳಿಸಿದ್ದೆವು. ಎರಡನೆಯ ಸಲ ಸಾಹೇಬರಿದ್ದರು, ಪುರುಸೊತ್ತಿರಲಿಲ್ಲ. ಪ್ರತಿಸಲವೂ ಅವಳು ಏಳೆಂಟು ಮೈಲಿ ನಡೆದು ಬಂದು, ಅಷ್ಟೇ ನಡೆದು ಹೋಗಿದ್ದಳು. ನನ್ನ ಅವ್ವನ ವಯಸ್ಸು, ಅವ್ವನಷ್ಟೇ ಎತ್ತರ. ಹಿಂದೆ ಅವಳ ಗಂಡ ರಾಚಯ್ಯ ಬಲಗೈಯನ್ನು ಒಂದು ಹಳೆಯ ಸೀರೆಯ ತುಂಡಿನಲ್ಲಿ ಕಟ್ಟಿ ಕುತ್ತಿಗೆಗೆ ನೇತುಹಾಕಿಕೊಂಡಿದ್ದ. ಅವಳ ಕಂಕುಳಲ್ಲಿ ಒಂದು ಬಟ್ಟೆಯ ಗಂಟು. ಗಂಟನ್ನು ನನ್ನ ಮೇಜಿನ ಮೇಲಿಟ್ಟು ಬಿಚ್ಚಿದಳು. ಒಡೆದ ತಂಬೂರಿ. ಬುರುಡೆ ನಾಲ್ಕು ಚೂರು, ಕೊರಳು ಎರಡು ತುಂಡು, ತಂತಿಗಳು ಸುರುಳಿ ಸುತ್ತಿಕೊಂಡು ಬಿದ್ದಿದ್ದವು.

ಆ ಗಂಡ ಹೆಂಡತಿ ಕತೆ ಹಾಡುವವರು. ನಮ್ಮ ಕಡೆಯವರಿಗೆ ನೀಲಗಾರರೆಂದರೆ ವಿವರಿಸಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳುತ್ತೇನೆ. ತಂಬೂರಿ ಹಿಡಿದವನು ಮುಂದೆ ಕೂತು ದೇವರ ಕತೆ ಹಾಡುತ್ತಾನೆ. ಪಕ್ಕದಲ್ಲಿ ತಾಳ ಹಿಡಿದವರು ಅವನ ಸೊಲ್ಲನ್ನು ಎತ್ತಿಕೊಂಡು ಮತ್ತೆ ಹಾಡುತ್ತಾರೆ. ಕತೆ ದಿನಗಟ್ಟಲೆ ನಡೆಯುತ್ತದೆ. ಎಲ್ಲೂ ಬರೆದಿಟ್ಟದ್ದಲ್ಲ, ಎಲ್ಲ ತಲೆಯಲ್ಲೇ. ರಾಚಯ್ಯ ಹಾಡುವವನು, ಹೊಂಬಾಳಮ್ಮ ಸೊಲ್ಲು ಎತ್ತಿಕೊಡುವವಳು. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮರೆತೆ. ಅದೇ ನಾನು ಮಾಡಿದ ತಪ್ಪು.

"ಏನಮ್ಮಿ, ಏನಾಯ್ತು ಹೇಳು" ಅಂದೆ. ಅವ್ವನ ವಯಸ್ಸಿನವಳನ್ನು ಏಕವಚನದಲ್ಲಿ ಮಾತಾಡಿಸುವುದು ನನಗೆ ಆಗ ಒಂದಿಷ್ಟೂ ವಿಚಿತ್ರ ಅನ್ನಿಸಲಿಲ್ಲ. ಮೇಲುಬೀದಿಯಲ್ಲಿ ಹುಟ್ಟಿದ ನಾಲಗೆ.

ಅವಳು ನಿಂತೇ ಹೇಳಿದಳು. ಅಳಲಿಲ್ಲ. ಅವಳು ಹೇಳಿದ್ದನ್ನು ಈಗಲೂ ತಪ್ಪಿಲ್ಲದೆ ಹೇಳಬಲ್ಲೆ, ಏಕೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

"ಬಾವುಟದ ದಿನ ಚಾವಡಿ ಇಸ್ಕೂಲಲ್ಲಿ ಹಾಡಿ ಅಂತ ಮೇಷ್ಟ್ರು ಕರದ್ರು ಬುದ್ಧೀ. ನಾವು ಕೆಳಗ ಕುಂತ್ವಿ. ಇಸ್ಕೂಲು ಎಲ್ಲಾರ್ದು, ಮ್ಯಾಲಕ್ಕ ಬನ್ನಿ ಅಂದ್ರು ಮೇಷ್ಟ್ರು. ನನ್ನ ಗಂಡ ಚಾವಡಿ ಜಗಲಿ ಮ್ಯಾಲ ಕುಂತು ತಂಬೂರಿ ನುಡ್ಸುದ. ನಾ ತಾಳ ಹಿಡ್ದೆ. ಮಾರ್ನೆ ದಿನ ಒತ್ತಾರ ಆರು ಜನ ನಮ್ಮ ಬಾಗ್ಲಿಗ ಬಂದ್ರು. ಜಗಲಿ ಹತ್ತಿದ ತಂಬೂರಿ ಯಾವ್ದು ಅಂದ್ರು. ನನ್ನ ಗಂಡ ತೋರುಸ್ದ. ಕಲ್ಲಿಗ ಬಡ್ದು ಒಡುದ್ರು. ನುಡ್ಸಿದ ಕೈ ಯಾವ್ದು ಅಂದ್ರು. ನನ್ನ ಗಂಡ ಮಾತಾಡ್ನಿಲ್ಲ. ಬಲಗೈಗ ದೊಣ್ಣೇಲಿ ಒಡುದ್ರು. ಆಮೇಕ ಕೇರಿಯೋರ್ನೆಲ್ಲ ಈಚೆಗ ಕರದು, ನಿಮ್ಮ ಜಾತಿ ನೆಲದ ಮ್ಯಾಲಿರ್ಲಿ, ಜಗಲಿ ಹತ್ತುದ್ರ ಎಲ್ಲಾರ್ಗೂ ಇದೇಯ ಅಂದ್ರು."

ಆರು ಜನರ ಹೆಸರನ್ನೂ ಹೇಳಿದಳು. ನಮ್ಮ ಜಾತಿಯವರೇ, ಆದರೆ ಯಾರೂ ನನ್ನ ನೆಂಟರಲ್ಲ. ನೆಂಟರಾಗಿದ್ದರೆ ನನಗೊಂದು ನೆಪವಾದರೂ ಸಿಗುತ್ತಿತ್ತು. ನನಗೆ ಯಾರ ಹೆದರಿಕೆಯೂ ಇರಲಿಲ್ಲ, ಯಾರ ಮೇಲೂ ಪ್ರೀತಿಯೂ ಇರಲಿಲ್ಲ. ಬರೀ ಅಭ್ಯಾಸ. ಲೇಖನಿ ಮಸಿಗೆ ಅದ್ದಿದೆ, ಬರೆದೆ, ಎದುರಿಗಿಟ್ಟು ಓದಿದೆ: "ಫಿರ್ಯಾದಿಯ ಗಂಡನಿಗೂ ಗ್ರಾಮದ ಕೆಲವರಿಗೂ ಮಾತಿಗೆ ಮಾತು ಬೆಳೆದು, ನೂಕಾಟದಲ್ಲಿ ಒಂದು ತಂಬೂರಿ ಒಡೆದು, ಫಿರ್ಯಾದಿಯ ಗಂಡನ ಕೈಗೆ ಪೆಟ್ಟಾಗಿರುತ್ತದೆ."

ಓದಿ ಮುಗಿಸಿ, ಪ್ಯಾಡಿನ ಮುಚ್ಚಳ ತೆಗೆದು, ಅವಳ ಕೈಗೆ ಕೈ ಚಾಚಿದೆ. ಅವಳು ಕೈ ಕೊಡಲಿಲ್ಲ. ಹೆಬ್ಬೆರಳನ್ನು ಒಳಗೆ ಮಡಿಸಿ ಮುಷ್ಟಿ ಬಿಗಿದಳು.

"ಚೆಂದಾಗದ ಬುದ್ಧೀ. ಆದ್ರ ಇದು ನಂದಲ್ಲ" ಅಂದಳು.

"ನಿಂದಲ್ದೆ ಇನ್ಯಾರದಮ್ಮಿ?"

"ನಿಮ್ದು. ನಾ ಯೋಳಿದ್ರಲ್ಲಿ ಮೂರು ಸೊಲ್ಲು ಬುಟ್ಟೋಗವ. ಜಗಲಿ ಬುಟ್ಟೋಯ್ತು. ಕೈ ಯಾವ್ದು ಅಂತ ಕೇಳಿದ್ದು ಬುಟ್ಟೋಯ್ತು. ಕೇರಿಯೋರ್ಗ ಅಂದ ಮಾತು ಬುಟ್ಟೋಯ್ತು. ನಾ ಯೋಳ್ದೆ ಇರೋ ಸೊಲ್ಲ ಒಂದ ನೀವೇ ಕಟ್ಟೀರಿ. ನಾವು ಯಾರ ಕುಟ್ಟೆ ಮಾತಾಡಿವಿ ಬುದ್ಧೀ, ಮಾತಿಗ ಮಾತು ಬೆಳಿಯಾಕ?"

ನನ್ನ ಕಿವಿ ಬಿಸಿಯಾಯಿತು. ಓದು ಬಾರದವಳು ನನ್ನ ಬರಹದಲ್ಲಿ ತಪ್ಪು ಹುಡುಕುತ್ತಾಳಲ್ಲ! "ಒಂದೇ ಸಲ ಕೇಳಿ ಎಲ್ಲ ಗೊತ್ತಾಗಿಬಿಡ್ತಾ ನಿಂಗೆ?" ಎಂದು ರೇಗಿದೆ. ಅವಳು ರೇಗಲಿಲ್ಲ. ನಾನು ಓದಿದ್ದನ್ನು, 'ಫಿರ್ಯಾದಿ' ಎನ್ನುವ ಕಚೇರಿ ಮಾತಿನಿಂದ ಹಿಡಿದು 'ಪೆಟ್ಟಾಗಿರುತ್ತದೆ'ವರೆಗೆ, ಒಂದಕ್ಷರ ಆಚೀಚೆ ಇಲ್ಲದೆ ನನಗೇ ಒಪ್ಪಿಸಿದಳು. ನಡುವೆ ನಾನು ಕೆಮ್ಮಿದ್ದ ಜಾಗದಲ್ಲಿ ಒಂದು ಗಳಿಗೆ ನಿಂತು ಮುಂದುವರಿದಳು. ಆಗ ನನಗೆ ನೆನಪಾಯಿತು, ಇವಳು ಕತೆಯ ಸೊಲ್ಲು ಎತ್ತಿಕೊಡುವವಳು ಎಂದು. ಮೂವತ್ತು ವರ್ಷ ಗಂಡನ ಪಕ್ಕದಲ್ಲಿ ಕೂತು, ಅವನ ಬಾಯಲ್ಲಿ ಒಂದು ಸೊಲ್ಲು ಜಾರಿದರೆ ಹಿಡಿದು ಕೊಟ್ಟವಳು. ಅವಳ ಕಿವಿಯನ್ನು ದಾಟಿ ನಾನು ಮೂರು ಸೊಲ್ಲು ಸಾಗಿಸಲು ಹೋಗಿದ್ದೆ. ಎಂಥ ದಡ್ಡ ನೋಡಿ.

ಆದರೂ ಬುದ್ಧಿ ಬರಲಿಲ್ಲ. ವಾದಕ್ಕೆ ನಿಂತೆ. "ತಂಬೂರಿ ಒಡೆದಿದೆ ಅಂತ ಬರ್ದಿದೀನಿ. ಕೈಗೆ ಪೆಟ್ಟಾಗಿದೆ ಅಂತ ಬರ್ದಿದೀನಿ. ನಷ್ಟ ಆಗಿರೋದು ಎರಡೇ ತಾನೆ? ಯಾಕೆ ಒಡೆದ್ರು ಅನ್ನೋದು ಕಟ್ಟಿಕೊಂಡು ಏನಾಗಬೇಕು?"

ಹೊಂಬಾಳಮ್ಮ ಮೇಜಿನ ಮೇಲಿದ್ದ ಬುರುಡೆಯ ಒಂದು ಚೂರನ್ನು ಎತ್ತಿ ಹಿಡಿದಳು. "ಎತ್ತು ತುಳ್ದು ಇದು ಒಡ್ದಿದ್ರ ಕೇರಿಯೋರೆಲ್ಲ ಬಂದು ಅಯ್ಯೋ ಅನ್ನೋರು. ಸಂಜಗ ಅವರವರ ತಂಬೂರಿ ತಕ್ಕಂಡು ಹಾಡ್ಕಳೋರು. ನಮ್ಮ ಕೇರೀಲಿ ಇನ್ನೂ ಎಂಟು ತಂಬೂರಿ ಅವ ಬುದ್ಧೀ. ಆವತ್ತಿಂದ ಎಂಟೂ ಗೋಡೆಗ ನೇತಾಕವ, ಒಂದೂ ನುಡೀತಿಲ್ಲ. ಒಡ್ದಿದ್ದು ಒಂದೇಯ, ಬಾಯಿ ಕಟ್ಟೋಗಿದ್ದು ಎಂಟು. ಆ ಎಂಟ ಎಲ್ಲಿ ಬರ್ದೀರಿ, ತೋರ್ಸಿ."

ಮೇಜಿನ ಮೇಲಿನ ಕಾಗದವನ್ನು ನೋಡಿದೆ. ಎಂಟೂ ಅಲ್ಲಿರಲಿಲ್ಲ.

ಅಪರಾಧವೆಂದರೆ ಒಬ್ಬ ಇನ್ನೊಬ್ಬನಿಗೆ ಮಾಡುವ ಕೇಡು ಎಂದು ನಾನು ತಿಳಿದಿದ್ದೆ. ಹೊಡೆದವನಿಗೂ ಹೊಡೆಸಿಕೊಂಡವನಿಗೂ ಹೊಲದ್ದೋ ನೀರಿನದ್ದೋ ಹೆಣ್ಣಿನದ್ದೋ ಒಂದು ಕಾರಣ ಇರುತ್ತದೆ. ಇಲ್ಲಿ ಅಂಥದ್ದೇನೂ ಇರಲಿಲ್ಲ. ರಾಚಯ್ಯ ಆ ಆರು ಜನಕ್ಕೆ ಏನೂ ಮಾಡಿರಲಿಲ್ಲ. ಅವನ ಜಾಗದಲ್ಲಿ ಅವನ ಜಾತಿಯ ಬೇರೆ ಯಾರು ಜಗಲಿ ಹತ್ತಿದ್ದರೂ ಅವರು ಬರುತ್ತಿದ್ದರು, ಅದೇ ದೊಣ್ಣೆ ತರುತ್ತಿದ್ದರು. ಪೆಟ್ಟು ಬಿದ್ದದ್ದು ಒಂದು ಕೈಗೆ. ಆದರೆ ದೊಣ್ಣೆ ಎತ್ತಿದ್ದು ಇಡೀ ಕೇರಿಯ ಮೇಲೆ. ಆ 'ಯಾಕೆ'ಯನ್ನು ಬಿಟ್ಟು ಬರೆದರೆ ಕೇರಿಗೆ ಬಿದ್ದ ಪೆಟ್ಟು ಕಾಗದದಿಂದಲೇ ಮಾಯ. ಹಾಗೆ ಮಾಯ ಮಾಡುತ್ತಿದ್ದವನು ನಾನು, ಒಳ್ಳೆಯ ಅಕ್ಷರದಲ್ಲಿ. ಇಷ್ಟೆಲ್ಲ ಆಗಲೇ ನನಗೆ ಹೊಳೆಯಿತು ಎಂದು ಬಡಾಯಿ ಕೊಚ್ಚುವುದಿಲ್ಲ. ನಿಧಾನಕ್ಕೆ ಹೊಳೆಯಿತು. ಆಗ ನಾನು ಮಾಡಿದ್ದು ಇನ್ನೊಂದು ಉಪಾಯ. ಹಳೆಯ ಕಾಗದ ಹರಿದು, ಹೊಸದರಲ್ಲಿ 'ಯಾವುದೋ ದ್ವೇಷದಿಂದ' ಎಂದು ಸೇರಿಸಿ ಓದಿದೆ.

ಮುಷ್ಟಿ ಬಿಚ್ಚಲಿಲ್ಲ. "ಯಾವ್ದೋ ಅನ್ಬ್ಯಾಡಿ ಬುದ್ಧೀ. ಯಾವ್ದು ಅಂತ ಅವರೇ ಬಾಯ್ಬುಟ್ಟು ಯೋಳವ್ರ. ಅವರ್ಗಿಲ್ದ ನಾಚ್ಕ ನಿಮಗ್ಯಾಕ?"

ಅದುವರೆಗೆ ಒಂದು ಮಾತೂ ಆಡದಿದ್ದ ರಾಚಯ್ಯ ಆಗ ಬಾಯಿ ಬಿಟ್ಟ. "ಬುಡಮ್ಮಿ, ಸಾಕು, ಹೋಗನ" ಅಂದ. ಅವಳು ತಿರುಗಿಯೂ ನೋಡಲಿಲ್ಲ. "ನೀ ಕುಂತ್ಕ. ಹಾಡೋದು ನಿನ್ನ ಕೆಲ್ಸ, ಸೊಲ್ಲು ಬುಡದಂಗ ನೋಡ್ಕಳೋದು ನಂದು" ಅಂದಳು.

ಆ ಮಾತಿಗೆ ನಾನು ಸೋತೆ. ಮೂರನೆಯ ಕಾಗದ ತೆಗೆದೆ. "ಹೇಳಿ" ಅಂದೆ. ಅವಳು ಒಂದೊಂದೇ ಸೊಲ್ಲು ಹೇಳಿದಳು, ನಾನು ಬರೆದೆ. ನನ್ನ ಕಚೇರಿ ಕನ್ನಡವನ್ನು ಪಕ್ಕಕ್ಕಿಟ್ಟೆ. ಜಗಲಿ ಬಂತು, ನುಡಿಸಿದ ಕೈ ಯಾವುದು ಎಂಬುದು ಬಂತು, ನಿಮ್ಮ ಜಾತಿ ನೆಲದ ಮೇಲಿರಲಿ ಎಂಬುದು ಬಂತು, ಗೋಡೆಗೆ ನೇತುಹಾಕಿದ ಎಂಟು ತಂಬೂರಿಗಳೂ ಬಂದವು. ಕೊನೆಗೆ ಯಾವ ಕಾಯಿದೆಯ ಕೆಳಗೆ ಇದು ಬರುತ್ತದೆಂದು ನೋಡಬೇಕಾಗಿ ಬಂತು. ಎದ್ದು ಹೋಗಿ ಕಿಟಕಿಯ ಸಂದಿಯಿಂದ ಆ ಪುಸ್ತಕವನ್ನು ಎಳೆದೆ. ಕಿಟಕಿ ದಢಾರನೆ ಬಡಿಯಿತು. ಒಳಗೆ ಬೆಂಚಿನ ಮೇಲೆ ಮಲಗಿದ್ದ ದಫೇದಾರರು ಹೌಹಾರಿ ಎದ್ದರು.

"ಏನಯ್ಯಾ, ಏನಾಯ್ತು?"

ಕಾಗದ ಕೊಟ್ಟೆ. ಕಣ್ಣುಜ್ಜಿಕೊಂಡು ಓದಿದರು. ಒಂದು ಸಲ ಓದಿ, ತಲೆಯೆತ್ತಿ ಮೇಜಿನ ಮುಂದೆ ನಿಂತಿದ್ದ ಹೊಂಬಾಳಮ್ಮನನ್ನು ನೋಡಿ, ಇನ್ನೊಂದು ಸಲ ಓದಿದರು. "ಇದು ಸಣ್ಣದಾಗಲ್ವಾ?" ಎಂದು ಕೇಳಿದರು, ಮೆಲ್ಲಗೆ. "ಎರಡು ಸಲ ಮಾಡ್ದೆ ಸಾರ್. ಹಿಡೀತಾಳೆ" ಅಂದೆ. ಅವರು ಬಹಳ ಹೊತ್ತು ಮೀಸೆ ತೀಡಿದರು. ಆಮೇಲೆ, "ಇಷ್ಟು ಚೆನ್ನಾಗಿ ಬರ್ದುಬಿಟ್ಟಿದ್ದೀಯ, ಹರಿಯೋಕೆ ಮನಸು ಬರಲ್ಲ ಕಣಯ್ಯಾ. ನಡಿ, ಒತ್ತಿಸ್ಕೊ" ಅಂದರು. ನನ್ನ ಅಕ್ಷರ ನನ್ನ ಜನ್ಮದಲ್ಲಿ ಮಾಡಿದ ಒಂದೇ ಒಂದು ಒಳ್ಳೆಯ ಕೆಲಸ ಅದು.

ಮೂರನೆಯ ಸಲ ಓದಿದೆ. ಓದುತ್ತಿದ್ದಂತೆ ಅವಳ ತುಟಿ ನನ್ನ ಜೊತೆಗೇ ಅಲುಗುತ್ತಿತ್ತು. ಮುಗಿಯಿತು. ಪರೀಕ್ಷೆಯ ಫಲಿತಾಂಶಕ್ಕೆ ಕಾದವನಂತೆ ಅವಳ ಮುಖ ನೋಡಿದೆ. "ಈಗ ನಂದು" ಅಂದಳು ಹೊಂಬಾಳಮ್ಮ. ಮುಷ್ಟಿ ಬಿಚ್ಚಿ, ನಾನು ಹಿಡಿಯುವ ಮೊದಲೇ ತಾನಾಗಿ ಹೆಬ್ಬೆರಳನ್ನು ಪ್ಯಾಡಿಗೆ ಅದ್ದಿ, ಕಾಗದದ ಮೇಲೆ ಗಟ್ಟಿಯಾಗಿ ಒತ್ತಿದಳು.

ನಮ್ಮ ಠಾಣೆಯ ಗೋಡೆಯ ವಿಷಯ ಹೇಳುವುದು ಮರೆತೆ. ಮೇಜಿನ ಪಕ್ಕದ ಗೋಡೆ, ಸೊಂಟದೆತ್ತರಕ್ಕೆ, ಪೂರಾ ನೇರಳೆ ಗೀರು. ಹೆಬ್ಬೆಟ್ಟು ಒತ್ತಿದವರು ಮಸಿಯನ್ನು ಅಲ್ಲಿ ಒರೆಸುತ್ತಿದ್ದರು, ಇಲ್ಲವೆ ತಲೆಗೂದಲಿಗೆ ಉಜ್ಜಿಕೊಳ್ಳುತ್ತಿದ್ದರು. ಓದು ಬಾರದ ಗುರುತನ್ನು ಬೀದಿಗೆ ಒಯ್ಯುವುದು ಯಾರಿಗೂ ಇಷ್ಟವಿರಲಿಲ್ಲ. ನಾನು ಗೋಡೆ ತೋರಿಸಿ, "ಒರೆಸ್ಕೊಳ್ಳಿ" ಅಂದೆ.

"ಬ್ಯಾಡ ಬುದ್ಧೀ. ಕೇರಿಯೋರು ನೋಡ್ಲಿ" ಅಂದಳು. ಗಂಟು ಕಟ್ಟಿ ಕಂಕುಳಿಗೆ ಸೇರಿಸಿಕೊಂಡು, ಹೆಬ್ಬೆರಳನ್ನು ಸೀರೆಗೆ ತಾಗದಂತೆ ಮೇಲಕ್ಕೆ ಎತ್ತಿ ಹಿಡಿದು, ಠಾಣೆಯ ಮೆಟ್ಟಿಲಿಳಿದು ಹೋದಳು. "ಹೋಗ್ಬನ್ನಿ ಅಮ್ಮಾ" ಎಂದು ನನ್ನ ಬಾಯಿಂದ ಬಂತು. ಬಂದ ಮೇಲೆ ನನಗೇ ಆಶ್ಚರ್ಯವಾಯಿತು.

ಸುದ್ದಿ ನನಗಿಂತ ಮೊದಲು ಹರದನಹಳ್ಳಿ ಸೇರಿತು. ಭಾನುವಾರ ಮನೆಗೆ ಹೋದರೆ ಅವ್ವ ತಟ್ಟೆ ಇಡುವ ಮೊದಲೇ ಶುರು ಮಾಡಿದಳು. "ಏನ್ಲಾ, ನಮ್ಮೋರ ಮ್ಯಾಲ ಬರ್ದ್ಯಂತಲ್ಲ? ನಾಳಕ ನಿಂಗ ಹೆಣ್ಣು ಕೊಡೋರು ಯಾರ್ಲಾ?" ನಾನು ಬರೆದದ್ದನ್ನೇ ಹೇಳತೊಡಗಿದೆ, ಹೊಂಬಾಳಮ್ಮ ಹೇಳಿದ ಹಾಗೆಯೇ, ಮೊದಲಿನಿಂದ. ಅವ್ವ ಕೈಯಲ್ಲಿ ಮುದ್ದೆ ಹಿಡಿದು ಕೇಳುತ್ತಾ ನಿಂತಳು. ಹೇಳಿ ಮುಗಿಸಿದ ಮೇಲೆ ಒಂದೇ ಒಂದು ಮಾತು ಕೇಳಿದಳು: "ಕೈ ಯಾವ್ದು ಅಂತ ಕೇಳಿ ಒಡುದ್ರಾ?" ಹೌದು ಅಂದೆ. ಮುದ್ದೆಯನ್ನು ತಟ್ಟೆಗೆ ಹಾಕಿ, "ಉಣ್ಣು" ಅಂದಳು. ಆ ವಿಷಯ ಮತ್ತೆ ನಮ್ಮ ಮನೆಯಲ್ಲಿ ಬರಲಿಲ್ಲ. ಹೆಣ್ಣು ಸಿಕ್ಕಿತು, ಎರಡು ವರ್ಷ ತಡವಾಗಿ.

ದಫೇದಾರರು ಹೆದರಿದ್ದಂತೆಯೇ ಗುಂಡ್ಲುಪೇಟೆಗೆ ಓಡಾಡುವುದಾಯಿತು. ಆರು ಜನರ ಪರವಾಗಿ ಬಂದ ವಕೀಲರು ಜಾಣರು. "ಸ್ವಾಮಿ, ಇಷ್ಟು ಕ್ರಮವಾದ ಫಿರ್ಯಾದು ಓದು ಬಾರದ ಹೆಂಗಸಿನದಲ್ಲ. ಪೊಲೀಸಿನವನು ತನ್ನ ತಲೆಯಿಂದ ಕಟ್ಟಿದ್ದಾನೆ" ಎಂದು ನನ್ನ ಕಡೆ ಬೊಟ್ಟು ಮಾಡಿದರು. ಮ್ಯಾಜಿಸ್ಟ್ರೇಟರು ಹೊಂಬಾಳಮ್ಮನನ್ನು ಕೇಳಿದರು: "ನೀನು ಪೊಲೀಸಿನವರಿಗೆ ಏನು ಹೇಳಿದೆಯಮ್ಮ?" ಅವಳು ಹಾಡುವವರ ಅಭ್ಯಾಸದಂತೆ ಒಂದು ಕೈಯನ್ನು ಕಿವಿಯ ಬಳಿ ಒಯ್ದು, ಜಾಗ ಯಾವುದೆಂದು ನೆನಪಾಗಿ ಇಳಿಸಿ, ಹೇಳತೊಡಗಿದಳು. ಆಗಲೇ ಆರು ತಿಂಗಳು ಕಳೆದಿತ್ತು. ಮ್ಯಾಜಿಸ್ಟ್ರೇಟರು ಮುಂದಿದ್ದ ನಕಲಿನ ಮೇಲೆ ಬೆರಳಿಟ್ಟು ಸಾಲು ಸಾಲು ಹಿಂಬಾಲಿಸಿದರು. ಒಂದು ಕಡೆ ಅವರ ಬೆರಳು ನಿಂತಿತು.

"ಬಲಗೈ ಅಂದೆಯಲ್ಲ. ಇಲ್ಲಿ ಕೈ ಅಂತ ಮಾತ್ರ ಇದೆ."

ವಕೀಲರು ಮುಗುಳ್ನಕ್ಕರು. ಹೊಂಬಾಳಮ್ಮ ಅಲುಗಲಿಲ್ಲ. "ನಾ ಬಲಗೈ ಅಂತ್ಲೇ ಬರ್ಸಿದ್ದು ಬುದ್ಧೀ. ಹೆಬ್ಬೆಟ್ಟು ಇರೋ ಕಾಗದ ತರ್ಸಿ."

ಮೂಲ ಕಾಗದ ತರಿಸಿದರು. ಅದರಲ್ಲಿ 'ಬಲಗೈ' ಎಂದೇ ಇತ್ತು. ಕೋರ್ಟಿಗೆ ನಕಲು ತೆಗೆಯುವಾಗ ಒಂದು ಪದ ಬಿಟ್ಟಿದ್ದೆ, ಮುತ್ತಿನಂಥ ಅಕ್ಷರದ ನಾನು. ಮ್ಯಾಜಿಸ್ಟ್ರೇಟರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ನನ್ನದೇ ತಪ್ಪು ಸ್ವಾಮಿ" ಅಂದೆ. ಕೋರ್ಟು ಘೊಳ್ಳೆಂದಿತು. ನಾನೂ ನಕ್ಕೆ ಎಂದರೆ ನಂಬುತ್ತೀರಾ? ಎಲ್ಲರ ಮುಂದೆ ಮಾನ ಹೋದ ಆ ಗಳಿಗೆಯಲ್ಲಿ ನನಗೆ ಆದಷ್ಟು ಹೆಮ್ಮೆ ಆಮೇಲೆ ಬಂದ ಯಾವ ಬಡ್ತಿಯಲ್ಲೂ ಆಗಲಿಲ್ಲ. ವಕೀಲರು ಮತ್ತೆ ಬಾಯಿ ತೆರೆಯಲಿಲ್ಲ.

ಶಿಕ್ಷೆ ಏನಾಯಿತು ಎಂದು ನೀವು ಕೇಳುತ್ತೀರಿ. ದಂಡವಾಯಿತು. ಅಷ್ಟೇ. ಆ ಕೈಗೆ ಅದು ಕಡಿಮೆಯೇ. ರಾಚಯ್ಯನ ಎರಡು ಬೆರಳು ಕೊನೆಯವರೆಗೂ ಪೂರಾ ಮಡಚಲು ಬರಲಿಲ್ಲ. ಆದರೆ ತೀರ್ಪನ್ನು ತುಂಬಿದ ಕೋರ್ಟಿನಲ್ಲಿ ಓದಿದರು, ಯಾಕೆ ಹೊಡೆದರು ಎಂಬುದನ್ನು ಹೆಸರಿಟ್ಟು ಓದಿದರು. ಆರು ಜನರೂ ತಲೆ ತಗ್ಗಿಸಿ ನಿಂತು ಕೇಳಿಸಿಕೊಂಡರು. ಬಾಗಿಲಲ್ಲಿ ನಿಂತಿದ್ದ ಅವಳ ಕೇರಿಯವರು ತಲೆ ಎತ್ತಿ ಕೇಳಿಸಿಕೊಂಡರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಹರವೆ ಕಡೆಯಿಂದ ಒಬ್ಬ ಮುದುಕ ಬಂದು ನನ್ನ ಮೇಜಿನ ಮುಂದೆ ನಿಂತ. ಮಗನ ಮದುವೆಯ ದಿಬ್ಬಣವನ್ನು ಬೀದಿಗೆ ಬಿಡದೆ ಹೊಡೆದು ಓಡಿಸಿದ್ದರಂತೆ. "ಯಾವಾಗ?" ಅಂದೆ. "ಎಲ್ಡು ವರ್ಸಾಯ್ತು." "ಇಷ್ಟು ದಿನ ಯಾಕೆ ಹೇಳ್ಲಿಲ್ಲ?" "ಯೋಳುದ್ರ ಯಾರು ಬರ್ಕಂಡರು ಅಂತ ಸುಮ್ಕಿದ್ದೆ. ನಮ್ದೂ ಹೊಂಬಾಳಮ್ಮ ಬರ್ಸಿದಂಗೇಯ ಬರ್ಕಳಿ" ಅಂದ. ಅವನ ಹಿಂದೆ ಇನ್ನೊಬ್ಬ, ಒಂದು ತಿಂಗಳಿಗೆ ಮತ್ತೊಬ್ಬಳು. ದಫೇದಾರರು ರಿಜಿಸ್ಟರ್ ನೋಡಿ ತಲೆ ಚಚ್ಚಿಕೊಂಡರು. "ನಮ್ಮ ಕಡೆ ಎಷ್ಟು ಕೆಟ್ಟೋಯ್ತಯ್ಯಾ ಇತ್ತೀಚೆಗೆ!" "ಕೆಟ್ಟಿದ್ದು ಇತ್ತೀಚೆಗಲ್ಲ ಸಾರ್, ಬರೆದಿದ್ದು ಇತ್ತೀಚೆಗೆ" ಅಂದೆ. ಅವರಿಗೆ ಎದುರಾಡಿದ್ದು ಅದೇ ಮೊದಲು.

ಮರುವರ್ಷ ಬಾವುಟದ ದಿನ ಅವರ ಊರಿಗೆ ನನ್ನನ್ನು ಬಂದೋಬಸ್ತಿಗೆ ಹಾಕಿದ್ದರು. ಮೇಲುಬೀದಿಯ ಕೆಲವರು ಮನೆ ಬಿಟ್ಟು ಬರಲಿಲ್ಲ. ಕೆಲವರು ಬಂದು ದೂರ ನಿಂತರು. ಚಾವಡಿಯ ಜಗಲಿಯ ಮೇಲೆ ಸಾಲಾಗಿ ಒಂಬತ್ತು ತಂಬೂರಿ ಕೂತಿದ್ದವು. ಒಂಬತ್ತನೆಯದು ಹೊಸದು, ರಾಚಯ್ಯ ಅದನ್ನು ಎಡಗೈಯಲ್ಲಿ ಮೀಟುತ್ತಿದ್ದ, ಅಷ್ಟೇನೂ ಚೆನ್ನಾಗಿ ಅಲ್ಲ. ಪಕ್ಕದಲ್ಲಿ ಹೊಂಬಾಳಮ್ಮ ತಾಳ ಹಿಡಿದಿದ್ದಳು. ಒಂದು ಕಡೆ ರಾಚಯ್ಯ ಸೊಲ್ಲು ಮರೆತ. ಅವಳು ಕಣ್ಣು ಮಿಟುಕಿಸದೆ ಎತ್ತಿಕೊಟ್ಟಳು. ನಾನು ಲಾಠಿ ಹಿಡಿದು, ಟೋಪಿ ಸರಿಮಾಡಿಕೊಂಡು, ಆ ಜಗಲಿಯ ಪಕ್ಕದಲ್ಲೇ ನಿಂತಿದ್ದೆ.

"ತಾತಾ, ಹಿಂದೆ ಜನ ಅವ್ರೆ" ಎಂದು ಬ್ಯಾಂಕಿನ ಹುಡುಗಿ ಎಚ್ಚರಿಸಿದಳು. ಅವಳೇ ನನ್ನ ಕೈ ಹಿಡಿಯಲು ಬಂದಳು. ನೋಡಿಕೊಂಡರೆ ನನ್ನ ಹೆಬ್ಬೆರಳು ಆಗಲೇ ಮುಷ್ಟಿಯ ಒಳಗಿತ್ತು.

"ಇದರಲ್ಲಿ ಏನು ಬರ್ದಿದೆ, ಒಂದ್ಸಲ ಓದವ್ವ" ಅಂದೆ.

ಹುಡುಗಿ ಒಂದು ಕ್ಷಣ ನೋಡಿ, ಒಳ್ಳೆಯವಳು, ಓದಿದಳು. ಹೆಸರು ಸರಿ. ಊರು ಸರಿ. ಕೊನೆಯ ಸಾಲು: "ಸದರಿಯವರು ಓದು ಬರಹ ಬಾರದವರಾದ್ದರಿಂದ ಹೆಬ್ಬೆಟ್ಟಿನ ಗುರುತು ಪಡೆಯಲಾಗಿದೆ."

"ಅದು ನಂದಲ್ಲ" ಅಂದೆ.

"ಫಾರಂನಲ್ಲಿ ಪ್ರಿಂಟ್ ಆಗಿರೋದು ತಾತಾ. ಎಲ್ಲರಿಗೂ ಅದೇ. ಬೇಜಾರಾಗ್ಬೇಡಿ."

ಬೇಜಾರಲ್ಲ. ಓದು ಬಾರದವರು ಎನ್ನಿಸಿಕೊಳ್ಳುವುದು ಅವಮಾನ ಎಂದು ನನಗೆ ಅನ್ನಿಸುವುದು ನಿಂತು ಎಷ್ಟೋ ಕಾಲವಾಯಿತು. ನಾನು ಕಂಡವರಲ್ಲಿ ನನ್ನ ಬರಹವನ್ನು ಸರಿಯಾಗಿ ಓದಿದವಳು ಒಬ್ಬಳೇ, ಅವಳಿಗೆ ಓದು ಬರುತ್ತಿರಲಿಲ್ಲ. ಆದರೆ ಇದು ನಿಜವಲ್ಲ. ಹೆಬ್ಬೆಟ್ಟು ನನ್ನದು, ಅದರ 'ಯಾಕೆ'ಯೂ ನನ್ನದೇ ಆಗಿರಬೇಕು. ಹಾಗೆಂದು ಹುಡುಗಿಗೆ ಹೇಳಿದೆ. ಅವಳು ನಿಟ್ಟುಸಿರು ಬಿಟ್ಟು, ಆ ಸಾಲು ಹೊಡೆದು, ಮೇಲೆ 'ಕೈ ನಡುಗುವುದರಿಂದ' ಎಂದು ಬರೆದು, ಮತ್ತೆ ಓದಿದಳು. ಸಾಲಿನಲ್ಲಿ ಹಿಂದಿದ್ದವರು ಗೊಣಗುತ್ತಿದ್ದರು, ಗೊಣಗಲಿ. ಮುಷ್ಟಿ ಬಿಚ್ಚಿ ಗಟ್ಟಿಯಾಗಿ ಒತ್ತಿದೆ.

ಅವಳು ಒರೆಸಿಕೊಳ್ಳಲು ಕಾಗದದ ಚೂರು ಕೊಟ್ಟಳು. ಬೇಡ ಅಂದೆ. ಬಲಗೈಯಲ್ಲಿ ಕೊಡೆ ಹಿಡಿದು, ಮಸಿಯ ಹೆಬ್ಬೆರಳನ್ನು ಇಸ್ತ್ರಿ ಅಂಗಿಗೆ ತಾಗದಂತೆ ಎತ್ತಿಕೊಂಡು, ಮನೆಯವರೆಗೂ ನಡೆದೇ ಹೋದೆ.